ಗೋಡೆಗಂಟಿದ ಗುಲಾಬಿ

ಇವತ್ತು ಸಂಜೆ ಯಾರೋ ನಮ್ಮ ಕಾಂಪೌಂಡು ಗೋಡೆಗೆ ಸಿನಿಮಾ ಪೋಸ್ಟರು ಹಚ್ಚಿದರು. ನಾನು ಬಯ್ಯಲೆಂದೇ ಎದ್ದು ಹೋದೆ. ವಯಸ್ಸಾದವರಿಗೆ ಬಯ್ಯುವ ಅವಕಾಶಗಳು ಸಿಗುವುದೇ ಅಪರೂಪ, ಸಿಕ್ಕಿದ್ದನ್ನು ಬಿಡಬಾರದು. ಆದರೆ ನಾನು ಕೋಲು ಹುಡುಕಿ, ಚಪ್ಪಲಿ ಹುಡುಕಿ, ಗೇಟಿನ ತನಕ ನಡೆಯುವಷ್ಟರಲ್ಲಿ ಅವರು ಸೈಕಲ್ಲು ಹತ್ತಿ ಪೇಟೆಯ ಕಡೆ ಮಾಯವಾಗಿದ್ದರು. ಉಳಿದದ್ದು ಹಸಿ ಮೈದಾ ಗೋಂದಿನ ಹುಳಿ ವಾಸನೆ. ಅದು ಮೂಗಿಗೆ ಬಿದ್ದದ್ದೇ ತಡ, ಕಲಿತಿದ್ದ ಬೈಗುಳವೆಲ್ಲ ಮರೆತುಹೋಯಿತು. ನನ್ನ ಬಲಗೈ ಹೆಬ್ಬೆರಳಿನ ಉಗುರು ಕೊಂಚ ಸೊಟ್ಟಗಿದೆ. ಅದನ್ನು ಸೊಟ್ಟ ಮಾಡಿದ್ದು ಇದೇ ವಾಸನೆಯ ಒಂದು ಗೋಡೆ.

ನೀವು ಗೋಡೆಗೆ ಕಾಗದ ಅಂಟಿಸಿದ ಮನೆಯಲ್ಲಿ ವಾಸ ಮಾಡಿದ್ದೀರಾ? ಮಾಡಿಲ್ಲವಾದರೆ ನಿಮ್ಮ ಪುಣ್ಯ ದೊಡ್ಡದು. ಮಾಡಿದ್ದರೆ ಬನ್ನಿ, ಹತ್ತಿರ ಕೂತುಕೊಳ್ಳಿ, ನಾವಿಬ್ಬರೂ ನೆಂಟರು.

ಮೇಟೂರಿನಲ್ಲಿ ಕಾವೇರಿಗೆ ಅಣೆ ಕಟ್ಟಿ ನೀರು ನಿಲ್ಲಿಸಿದ ಕಾಲ ಅದು. ನಮ್ಮ ಊರು ನೀರಿನ ಪಾಲಾಯಿತು. ಊರವರು ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು, ನಾವು ಕೊಳತ್ತೂರಿಗೆ ಬಂದೆವು. ನಾವು ಎಂದರೆ ಅವ್ವ, ನಾನು, ಆಗಷ್ಟೇ ಮದುವೆಯಾಗಿ ಬಂದಿದ್ದ ನನ್ನ ಹೆಂಡತಿ, ಒಂದು ಕಪ್ಪು ಹಸು. ಮನೆ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಕಚೇರಿಯ ಬಾಗಿಲಲ್ಲಿ ಕೂತು ಊರವರಿಗೆ ತಮಿಳಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದ ನಾನೇ ನಮ್ಮ ವಂಶದ ಮೊದಲ ಬುದ್ಧಿವಂತ. ಈ ಮಾತನ್ನು ಬೇರೆ ಯಾರೂ ಹೇಳದಿದ್ದುದರಿಂದ ನಾನೇ ಆಗಾಗ ಹೇಳಿಕೊಳ್ಳಬೇಕಾಗುತ್ತಿತ್ತು.

ಅಣೆಯ ಕೆಲಸದಲ್ಲಿದ್ದ ಒಬ್ಬ ಗುಮಾಸ್ತರು ಕಟ್ಟಿಸಿದ್ದ ಮನೆ ಮಾರಾಟಕ್ಕಿತ್ತು. ಮಣ್ಣಿನ ಗೋಡೆ, ನಾಟಿ ಹೆಂಚು, ಬಡಗಣ ಬಾಗಿಲು. ಒಳಗೆ ಕಾಲಿಟ್ಟವನು ಬಾಯಿ ಬಿಟ್ಟುಕೊಂಡು ನಿಂತೆ. ಗೋಡೆ ತುಂಬ ಗುಲಾಬಿ! ದೊರೆಗಳ ಬಂಗಲೆಗೆ ತರಿಸಿದ್ದ ಬಣ್ಣದ ಕಾಗದದಲ್ಲಿ ಮಿಕ್ಕಿದ್ದನ್ನು ಗುಮಾಸ್ತರು ತಮ್ಮ ಮನೆಗೆ ಅಂಟಿಸಿಕೊಂಡಿದ್ದರಂತೆ. ಸುಣ್ಣ ಮತ್ತು ಕೆಮ್ಮಣ್ಣು ಬಿಟ್ಟರೆ ಬೇರೆ ಗೋಡೆಯನ್ನೇ ಕಾಣದ ನನಗೆ ಅದು ಇಂದ್ರನ ಆಸ್ಥಾನದ ಹಾಗೆ ಕಂಡಿತು. ಕಡಯಂಪಟ್ಟಿಯಿಂದ ಬಂದಿದ್ದ ಅಕ್ಕನ ಗಂಡ, ನಮ್ಮ ಬಾವ, ಕಿವಿಯಲ್ಲಿ ಹೇಳಿದ: "ಮಚ್ಚಾ, ಮನೆ ನೋಡಿ ತಗೋ. ಊವು ನೋಡಿ ತಗೋಬ್ಯಾಡ." ಬಾವ ಜನ್ಮದಲ್ಲಿ ಒಳ್ಳೆಯ ಮಾತು ಆಡಿದ್ದು ಅದೊಂದೇ ಸಲ. ಅವನು ಹೇಳಿದ್ದನೆಂಬ ಒಂದೇ ಕಾರಣಕ್ಕೆ ನಾನು ಮನೆಯ ವ್ಯಾಪಾರ ಮುಗಿಸಿಬಿಟ್ಟೆ.

ಅವ್ವ ಬಂದಳು. ಹೊಸ್ತಿಲ ಈಚೆಗೇ ನಿಂತು ಒಳಗೆ ಕತ್ತು ಚಾಚಿ ನೋಡಿದಳು.

"ಇದೇನ್ಲಾ, ಗೋಡೆಗೆ ಸೀರೆ ಉಡ್ಸವ್ರೆ?"

"ಸೀರೆ ಅಲ್ಲವ್ವ, ಕಾಗದ. ದೊರೆಗಳ ಮನೇಲಿ ಇಂಗೇ ಇರ್ತೈತೆ."

"ದೊರೆ ಸಾಮಿ ಎಲ್ಲಿ ಕುಂತ್ಕತಾನೋ ನಂಗೊತ್ತಿಲ್ಲ. ನಮ್ ಸಾಮಿ ಎಲ್ಲಿ ಕುಂತ್ಕಬೇಕು, ಅದೇಳು."

ಅವಳು ಕೇಳಿದ್ದು ನ್ಯಾಯವೇ. ಏಕೆಂದರೆ ನಮ್ಮ ಮನೆದೇವರಿಗೆ ವಿಗ್ರಹವಿಲ್ಲ, ಪಟವಿಲ್ಲ. ಮನೆಯ ಪಡುವಣ ಗೋಡೆಯಲ್ಲಿ, ಹುಟ್ಟುವ ಸೂರ್ಯನಿಗೆ ಮುಖವಾಗಿ, ಒಂದು ಮೊಳ ಜಾಗಕ್ಕೆ ಮಣ್ಣು ಮೆತ್ತಿ, ಅರಿಶಿನ ಬಳಿದು, ಕುಂಕುಮ ಇಟ್ಟರೆ ಅದೇ ಸ್ವಾಮಿ. ಮನೆ ಬಿಡುವಾಗ ಆ ಗೋಡೆಯಿಂದ ಒಂದು ಹಿಡಿ ಮಣ್ಣು ಕೆರೆದುಕೊಂಡು ಬಂದು ಹೊಸ ಗೋಡೆಗೆ ಮೆತ್ತಬೇಕು. ಅದು ಹಿಡಿಮಣ್ಣು. ಮೆತ್ತುವ ತನಕ ಮನೆಯ ಹಿರಿಯಳು ಹೊಸ್ತಿಲು ದಾಟುವಂತಿಲ್ಲ, ಒಳಗೆ ಒಲೆ ಉರಿಯುವಂತಿಲ್ಲ. ಪೊಂಗಲ್ ಹಬ್ಬದೊಳಗೆ ಸ್ವಾಮಿ ಗೋಡೆ ಏರದಿದ್ದರೆ, ಸ್ವಾಮಿಗೆ ಆ ಮನೆ ಬೇಡವೆಂದು ತಿಳಿದು ಹಿಡಿಮಣ್ಣನ್ನು ಹೊಳೆಗೆ ಬಿಡಬೇಕು. ನಮ್ಮ ಪಾಲಿಗೆ ಹೊಳೆ ಎಂದರೆ ಯಾವುದು? ಊರನ್ನು ನುಂಗಿದ ಅದೇ ನೀರು. ಅವ್ವ ಊರಿನಿಂದ ತಂದದ್ದರಲ್ಲಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಆ ಮಣ್ಣೊಂದನ್ನೇ ಯಾರ ಕೈಗೂ ಕೊಡುತ್ತಿರಲಿಲ್ಲ.

ಕಾಗದದ ಮೇಲೆ ಮಣ್ಣು ನಿಲ್ಲುವುದಿಲ್ಲ. ಅವ್ವ ಅಂಗಳದ ಬೇವಿನ ಮರದ ಕೆಳಗೆ ತೆಂಗಿನ ಗರಿಯ ಚಪ್ಪರ ಹಾಕಿಸಿಕೊಂಡು ಮೂರು ಕಲ್ಲಿಟ್ಟು ಒಲೆ ಹೂಡಿದಳು. ಅತ್ತೆ ಹೊರಗಿದ್ದರೆ ಸೊಸೆ ಒಳಗೆ ಮಲಗುವುದುಂಟೇ? ಅವಳೂ ಚಪ್ಪರ ಸೇರಿದಳು. ನಾನು ಜಗುಲಿಯ ಮೇಲೆ. ಮನೆಯ ಬಾಗಿಲು ಹಗಲೂ ರಾತ್ರಿ ತೆರೆದೇ ಇತ್ತು. ಕದಕ್ಕೆ ಒಂದು ಒರಳುಕಲ್ಲು ಆನಿಸಿಟ್ಟು, ಗುಲಾಬಿಗಳನ್ನು ನೋಡಿಕೊಂಡು, "ಅದಕ್ಕೇನವ್ವ, ಎರಡು ದಿನದಲ್ಲಿ ಕಿತ್ತು ಬಿಸಾಕ್ತೀನಿ" ಎಂದೆ. ದೀಪಾವಳಿ ಆಗ ತಾನೇ ಕಳೆದಿತ್ತು.

ಮೊದಲು ಉಗುರಿನಿಂದ ಶುರುಮಾಡಿದೆ. ಕಾಗದದ ಒಂದು ತುದಿ ಎದ್ದಿತ್ತು. ಎದ್ದ ತುದಿಯನ್ನು ಕಂಡರೆ ಯಾವ ಮನುಷ್ಯನಿಗಾದರೂ ಎಳೆಯಬೇಕೆನಿಸುತ್ತದೆ. ಎಳೆದೆ. ಸರ್ರೆಂದು ಬಂದದ್ದು ನಾಲಗೆಯಷ್ಟು ಉದ್ದ, ಅದೂ ಮೇಲಿನ ಬಣ್ಣದ ಪದರ ಮಾತ್ರ. ಅಡಿಯ ಬಿಳಿ ಕಾಗದ ಗೋಡೆಯನ್ನು ಕಚ್ಚಿಕೊಂಡೇ ಉಳಿಯಿತು. ಸಂಜೆಯ ಹೊತ್ತಿಗೆ ಗುಲಾಬಿಗಳಿಗೆ ತೊನ್ನು ಹತ್ತಿದಂತೆ ಕಾಣುತ್ತಿತ್ತು, ನನ್ನ ಹೆಬ್ಬೆರಳು ಬಾತಿತ್ತು.

ಮಾರನೆಯ ದಿನ ಹೆಂಡತಿಯ ದೋಸೆ ಮಗುಚುವ ಸಟ್ಟುಗ ತಂದೆ. ಅದು ಡೊಂಕಾಯಿತು. ಕುಡುಗೋಲು ತಂದೆ. ಕಾಗದದ ಜೊತೆಗೆ ಅಂಗೈಯಗಲ ಮಣ್ಣೂ ಉದುರಿತು. ಬಿಸಿನೀರು ಎರಚಿದೆ. ಕಾಗದ ಅಲ್ಲಾಡಲಿಲ್ಲ, ಗೋಡೆ ಕರಗಿತು. ಹುಣಸೆಹುಳಿ ಹಿತ್ತಾಳೆಯ ಕಿಲುಬು ಬಿಡಿಸುತ್ತದಲ್ಲ, ಗೋಂದು ಯಾವ ಲೆಕ್ಕ ಎಂದು ಹುಣಸೆನೀರು ಬಳಿದೆ. ಸೇಲಂ ಜಿಲ್ಲೆಯ ಇರುವೆಗಳೆಲ್ಲ ಬಂದವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಗೋಡೆ ಡೊಂಕು, ಗುಮಾಸ್ತ ಡೊಂಕು, ಅವನ ಗೋಂದು ಡೊಂಕು ಎನ್ನುತ್ತ ಊರಲ್ಲಿ ತಿರುಗಿದೆ.

ಒಂದು ಕಡೆ ಮೇಲಿನ ಕಾಗದ ಬಿಟ್ಟಾಗ ಅಡಿಯಲ್ಲಿ ಹಳೆಯ ತಮಿಳು ಪತ್ರಿಕೆಗಳು ಸಿಕ್ಕವು. ಕೆಲಸ ಬಿಟ್ಟು ಓದುತ್ತ ಕೂತೆ. ಯಾವನೋ ಒಬ್ಬ ತೆಂಗಿನ ಮರ ಹತ್ತಿ ಮೂರು ದಿನ ಇಳಿಯಲಿಲ್ಲವಂತೆ. ಏಕೆ ಎಂಬಲ್ಲಿಗೆ ಸರಿಯಾಗಿ ಹಿಂದಿನ ದಿನ ನನ್ನ ಕುಡುಗೋಲು ತಾಗಿತ್ತು. ಅವನು ಏಕೆ ಹತ್ತಿದನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹಸುವಿನ ವಿಷಯವನ್ನೂ ಹೇಳಿಬಿಡುತ್ತೇನೆ, ನಗಬೇಡಿ. ನೆನೆದ ಗೋಂದಿಗೆ ಗಂಜಿಯ ವಾಸನೆ ಇತ್ತು. ಗಂಜಿ ಎಂದರೆ ಹಸುವಿಗೆ ಪ್ರಾಣ. ಹಾಗಾಗಿ ಹಸುವನ್ನು ನಡುಮನೆಗೆ ಕರೆತಂದು ಗೋಡೆಗೆ ಮುಖಮಾಡಿ ನಿಲ್ಲಿಸಿದೆ. ಅದು ಎರಡು ಗುಲಾಬಿಯನ್ನು ನೆಕ್ಕಿ, ಒಂದನ್ನು ತಿಂದು, ನನ್ನನ್ನು ತಿರುಗಿ ನೋಡಿ, ಸಗಣಿ ಹಾಕಿ ಹೊರಗೆ ನಡೆಯಿತು. ಚಪ್ಪರದ ಕೆಳಗಿಂದ ಹೆಂಡತಿಯ ದನಿ ಬಂತು: "ಅತ್ತೇ, ಅಸೀಗೂ ಬ್ಯಾಸ್ರ ಬಂತು ಕಣತ್ತೆ."

ಅವ್ವ ನಗಲಿಲ್ಲ. ದಿನಾ ಸಂಜೆ ಹೊಸ್ತಿಲ ಈಚೆ ಬಂದು ನಿಂತು ಪಡುವಣ ಗೋಡೆಯನ್ನು ಆ ತುದಿಯಿಂದ ಕದದ ತನಕ ನೋಡಿಕೊಂಡು ಬರುವಳು. ಒಂದೋ ಕಾಗದ, ಇಲ್ಲವೇ ಹಳ್ಳ. "ಗಾಯ ಆಗಿರೋ ಗೋಡೆ ಮ್ಯಾಲೆ ಸಾಮಿ ಕುಂದ್ರಲ್ಲ ಕಣ್ಲಾ" ಎಂದು ಮೆಲ್ಲಗೆ ಹೇಳಿ ತಿರುಗಿ ಹೋಗುವಳು. ಬಯ್ದಿದ್ದರೆ ನನಗೆ ಸುಖವಾಗುತ್ತಿತ್ತು.

ಪೊಂಗಲ್ಲಿನ ಹಿಂದಿನ ದಿನ ಬಂದೇ ಬಂತು. ಅವ್ವ ಬೆಳಿಗ್ಗೆಯೇ ಸ್ನಾನ ಮಾಡಿ ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಚಪ್ಪರದ ಕೆಳಗೆ ಕೂತಳು. ಸಂಜೆ ನೀರಿನ ಕಡೆ ಹೋಗುವುದೆಂದು ಹೆಂಡತಿಗೆ ಹೇಳಿದ್ದಳು, ನನಗೆ ಹೇಳಿರಲಿಲ್ಲ. ನಾನು ಒಳಗೆ ಹುಚ್ಚನ ಹಾಗೆ ಕೆರೆಯುತ್ತಿದ್ದೆ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಬಾವನ ನಗು ಕೇಳಿಸಿತು. ಹಬ್ಬಕ್ಕೆ ಬಂದಿದ್ದಾನೆ! ಈ ಗೋಡೆಯನ್ನು ಬಾವ ನೋಡಿದರೆ ಕಡಯಂಪಟ್ಟಿಯಿಂದ ಹರೂರಿನ ತನಕ ನೆಂಟರ ಬಾಯಲ್ಲೆಲ್ಲ ನಾನೇ. ಹಿಂದೆಮುಂದೆ ನೋಡದೆ ಒರಳುಕಲ್ಲನ್ನು ಒದ್ದು, ಕದವನ್ನು ದಡಾರನೆ ಹಾಕಿ, ಅಗಳಿ ಜಡಿದು, ಬೆನ್ನು ಕೊಟ್ಟು ನಿಂತೆ.

"ಮಚ್ಚಾ! ಏನ್ ಮಚ್ಚಾ ಇದು? ಅಬ್ಬಕ್ಕೆ ಬಂದೋನಿಗೆ ಕದ ಆಕ್ತೀಯಾ?"

ನಮ್ಮ ಕಡೆ ಹಗಲು ಹೊತ್ತು ಮುಂಬಾಗಿಲು ಮುಚ್ಚುವುದಿಲ್ಲ. ಅದೂ ಮನೆಯ ಅಳಿಯನ ಮುಖದ ಮೇಲೆ! ಅಂಗಳದಿಂದ ಮನೆ ಸುತ್ತಿಕೊಂಡು, ಹಿತ್ತಲ ಕಡೆಯಿಂದ ಅವ್ವನ ದನಿ ಬಿರುಗಾಳಿಯಂತೆ ನುಗ್ಗಿತು. "ಮಟಮಟ ಮಧ್ಯಾನ ಕದ ಆಕ್ಕಂಡವ್ನಲ್ಲಾ, ಮಾನ ಮರ್ಯಾದಿ ಐತೇನ್ಲಾ ನಿಂಗೆ? ಅಳಿಯ ಅಂದ್ರೆ ಯಾರು ಅಂದ್ಕಂಡೆ? ನಿಮ್ಮಕ್ಕನ ಬಾಳು..." ಹಿತ್ತಲ ಬಾಗಿಲು ದಾಟಿ, ಅಡುಗೆಮನೆ ದಾಟಿ, ನಡುಮನೆಗೆ ಬಂದವಳು ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ನನ್ನನ್ನು ನೋಡುತ್ತಿರಲಿಲ್ಲ. ನನ್ನ ಪಕ್ಕದ ಗೋಡೆಯನ್ನು ನೋಡುತ್ತಿದ್ದಳು.

ನಾನೂ ತಿರುಗಿದೆ. ಪಡುವಣ ಗೋಡೆಯ ಈ ಮೂಲೆಯನ್ನು ತೆರೆದ ಕದ ಇಷ್ಟು ದಿನ ಮುಚ್ಚಿಕೊಂಡಿತ್ತು. ಗುಮಾಸ್ತರು ಲೆಕ್ಕಾಚಾರದ ಮನುಷ್ಯ. ಕದದ ಹಿಂದೆ ಯಾರು ನೋಡುತ್ತಾರೆ ಎಂದು ಅಲ್ಲಿ ಕಾಗದವನ್ನೇ ಅಂಟಿಸಿರಲಿಲ್ಲ. ಒಂದು ಗೀರೂ ಇಲ್ಲದ, ನುಣ್ಣನೆಯ, ಅಪ್ಪಟ ಮಣ್ಣಿನ ಗೋಡೆ. ಮೊದಲ ದಿನದಿಂದಲೂ ಅಲ್ಲೇ ಇತ್ತು.

ಅವ್ವ ಹತ್ತಿರ ಬಂದು ಅಂಗೈ ಇಟ್ಟು ಸವರಿದಳು. "ಇಲ್ಲಿ ಕಾಗದಾನೇ ಇಲ್ವಲ್ಲಾ" ಎಂದಳು. ಆಮೇಲೆ ತನ್ನ ಕಾಲನ್ನು ನೋಡಿಕೊಂಡಳು. "ಅಯ್ಯೋ, ನಾನ್ಯಾವಾಗ ಬಂದೆ ಒಳೀಕೆ?"

ಯಾವ ಕಾಲು ಮೊದಲಿಟ್ಟಳೆಂದು ಯಾರೂ ನೋಡಿರಲಿಲ್ಲ. ಗಂಟು ಮಾತ್ರ ಅವಳ ಮಡಿಲಲ್ಲೇ ಇತ್ತು, ಸ್ವಾಮಿಯೂ ಅವಳ ಜೊತೆಗೇ ಒಳಗೆ ಬಂದಾಗಿತ್ತು. ಹೆಂಡತಿ ಓಡಿಹೋಗಿ ನೀರು ತಂದಳು, ಸಗಣಿ ತಂದಳು, ಅರಿಶಿನ ತಂದಳು. ಹೊರಗೆ ಬಾವ ಕದ ತಟ್ಟುತ್ತಲೇ ಇದ್ದ. "ಇರಿ ಅಳಿಯಂದ್ರೇ, ಸಾಮಿ ಕುಂತ್ಕತೈತೆ" ಎಂದು ಅವ್ವ ಕೂಗಿದಳು. ಹಿಡಿಮಣ್ಣನ್ನು ಕಲಸಿ ಗೋಡೆಗೆ ಒತ್ತಿದವಳು ಕೈ ತೆಗೆಯಲೇ ಇಲ್ಲ. ಊರು ಬಿಡುವ ದಿನ ಗಾಡಿಯ ಮೇಲೆ ಕಲ್ಲಿನಂತೆ ಕೂತಿದ್ದ ನಮ್ಮವ್ವ ಆ ಗೋಡೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಅಳು ಬಂತು. ನನ್ನದರಲ್ಲಿ ಅರ್ಧ ಅವ್ವನಿಗಾಗಿ, ಅರ್ಧ ನನ್ನ ಉಗುರಿಗಾಗಿ.

ಕದ ತೆಗೆದಾಗ ಬಾವ ಒಳಗೆ ಬಂದು ಗೋಡೆಯನ್ನೂ ನನ್ನನ್ನೂ ನೋಡಿದ. "ಕೈಲಿ ಬೆಣ್ಣೆ ಇಟ್ಕಂಡು ಊರೆಲ್ಲ ತುಪ್ಪಕ್ಕೆ ಅಲದ್ಯಲ್ಲೋ ಮಚ್ಚಾ" ಎಂದ. ಅವ್ವ ಕಣ್ಣೊರೆಸಿಕೊಂಡು ಉಳಿದಿದ್ದ ಗುಲಾಬಿಗಳನ್ನು ನಿಧಾನವಾಗಿ ನೋಡಿ, "ಮಿಕ್ಕಿದ್ದ ಕೀಳಬ್ಯಾಡ ಬುಡ್ಲಾ, ಚಂದಾಗೈತೆ" ಎಂದಳು.

ಅಂದಿನಿಂದ ನಮ್ಮ ಮನೆಯ ರೀತಿಯೇ ಬೇರೆ. ಮುಚ್ಚಂಜೆಯಲ್ಲಿ ಲಕ್ಷ್ಮಿ ಬರಲೆಂದು ಊರೆಲ್ಲ ಬಾಗಿಲು ತೆರೆದರೆ, ನಾವು ಸ್ವಾಮಿ ಕಾಣಲೆಂದು ಕದ ಹಾಕಿ ದೀಪ ಹಚ್ಚುತ್ತೇವೆ. ಆ ಹೊತ್ತಿನಲ್ಲಿ ಬಂದವರು ಯಾರೇ ಆಗಲಿ ಜಗುಲಿಯ ಮೇಲೆ ಕಾಯಬೇಕು.

ಇವತ್ತು ಕಾಯುವ ಸರದಿ ನನಗೆ ಬಂತು. ಪೋಸ್ಟರಿನ ಮುಂದೆ ನಿಂತು ಇಷ್ಟೆಲ್ಲ ನೆನೆಸಿಕೊಂಡು ಹಿಂದಿರುಗಿದರೆ ಕದ ಹಾಕಿತ್ತು. ಒಳಗೆ ಗಂಟೆಯ ಸದ್ದು, ಸೊಸೆಯ ದನಿ, ಮಕ್ಕಳ ಪಿಸುಮಾತು. ತಟ್ಟಲು ಎತ್ತಿದ ಕೈಯನ್ನು ಇಳಿಸಿ ಕೂತೆ. ನಮ್ಮ ಮನೆಯನ್ನು ನಾನು ಹೀಗೆ ಒಳಗೆ ಹೋಗಲಾಗದೆ ಹೊರಗಿನಿಂದ ನೋಡಿದ್ದೇ ಇಲ್ಲ. ಆಗೆಲ್ಲ ಕಾಗದದೊಂದಿಗೆ ಗುದ್ದಾಡುತ್ತ ಗೋಡೆಗೆ ಮುಖ ಮಾಡಿದ್ದವನು ನಾನು. ಬೆನ್ನ ಹಿಂದೆ, ಅಂಗಳದಲ್ಲಿ, ಅವ್ವ ಸಂಜೆ ಸಂಜೆಗೂ ಮನೆಯ ಕಡೆ ನೋಡುತ್ತ ಹೇಗೆ ಕೂತಿದ್ದಳೆಂದು ಒಂದು ದಿನವೂ ತಿರುಗಿ ನೋಡಿರಲಿಲ್ಲ.

ಕದ ತೆರೆಯಿತು. ಮೊಮ್ಮಗಳು ಇಣುಕಿದಳು.

"ತಾತಾ, ಇಲ್ಲೇ ಕುಂತಿದ್ರಾ? ಕೂಗಿದ್ರೆ ತೆಗೀತಿದ್ನಲ್ಲ."

"ಇರ್ಲಿ ಕಣವ್ವ" ಎಂದೆ. "ಈಚೆ ಕುಂತ್ರೆ ಎಂಗಿರ್ತೈತೆ ಅಂತ ನೋಡ್ತಿದ್ದೆ."