ನಾನೂರು ಮೀಟರಿನ ಟಾಂಕಿ

ಟಾಂಕಿ ಮೇಸ್ತ್ರಿ ಮೂವತ್ತೆರಡು ವರ್ಷಗಳಿಂದ ಮನೆಗಳ ತಾರಸಿಗೆ ತಗಡಿನ ನೀರಿನ ಟಾಂಕಿ ಮಾಡಿ ಕೂರಿಸುತ್ತಾ ಬಂದವರು. ಗಿರಾಕಿ ಏನೇ ಅಳತೆ ಹೇಳಲಿ, ಅವರು ಕನ್ನಡಕವನ್ನು ಹಣೆಗೇರಿಸಿ, ಅರೆಗಳಿಗೆ ಆಕಾಶ ನೋಡಿ, ತಮಗೆ ತೋಚಿದಷ್ಟು ಸೇರಿಸಿಬಿಡುತ್ತಿದ್ದರು. "ಟಾಂಕಿ ದೊಡ್ಡದಾಯ್ತು ಅಂತ ಇವತ್ತಿನವರೆಗೂ ಯಾರೂ ನನ್ನನ್ನ ಬೈದಿಲ್ಲ" ಎಂಬುದು ಅವರು ಬದುಕಿನಿಂದ ಹಿಂಡಿ ತೆಗೆದ ಸಾರ. ಹಾಗೆ ಬೈದ ಮೊದಲ ಗಿರಾಕಿ ಅವರ ಮಗಳೇ.

ಮಗಳು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಭಾನುವಾರ ಬಂತೆಂದರೆ ಡ್ರ್ಯಾಗ್ ರೇಸಿನ ಹುಚ್ಚು. ಎರಡು ಕಾರು ಪಕ್ಕಪಕ್ಕ ನಿಂತು, ದೀಪ ಹಸಿರಾದ ಕೂಡಲೇ ನೇರ ರಸ್ತೆಯಲ್ಲಿ ನಾನೂರು ಮೀಟರ್ ಓಡಬೇಕು. ಹದಿನಾಲ್ಕು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ತನ್ನ ಹಳೆಯ ಕಾರಿನ ತುಕ್ಕು ಹಿಡಿದ ಪೆಟ್ರೋಲ್ ಟಾಂಕಿ ಬದಲಿಸಬೇಕೆಂದು ಅವಳು ಬಾಯಿ ಬಿಟ್ಟದ್ದೇ ತಡ, ಮೇಸ್ತ್ರಿ ಅಡ್ಡ ನಿಂತರು.

"ಅಂಗಡಿ ಟಾಂಕಿನಾ? ಜನ ನನ್ನ ಮುಖ ನೋಡಿ ನಗಲ್ವಾ?"

ಅವಳು ಕೇಳಿದ್ದು ಎಂಟು ಲೀಟರಿನದು. ಬಂದದ್ದು ನಲವತ್ತೈದರದು. ಡಿಕ್ಕಿಯಲ್ಲಿ ಅದು ತಿಂಗಳು ಇರಲು ಬಂದ ಬೀಗರ ಹಾಗೆ ಕೂತಿತ್ತು. ಪೆಟ್ರೋಲ್ ಹೊರಡುವ ಪೈಪನ್ನು ಮೇಸ್ತ್ರಿ ಟಾಂಕಿಯ ಮುಂಬದಿಗೆ ಬೆಸೆದಿದ್ದರು. "ಎಂಜಿನ್ ಮುಂದಿದೆ, ಪೈಪೂ ಮುಂದೆ. ಇದರಲ್ಲಿ ಯೋಚನೆ ಮಾಡೋದೇನಿದೆ?"

ಏನಿದೆ ಎಂಬುದು ರೇಸಿನ ದಿನ ಗೊತ್ತಾಯಿತು. ಕಾರು ಬಾಣದ ಹಾಗೆ ಹೊರಟು, ಅರ್ಧ ದಾರಿಯಲ್ಲಿ ಕೆಮ್ಮಿ, ಬಿಕ್ಕಳಿಸಿ, ನಿಂತೇಬಿಟ್ಟಿತು. ಮಗಳು ಅದನ್ನು ತಳ್ಳಿಕೊಂಡು ಬಂದಳು.

"ಪೈಪು ತಪ್ಪು ಜಾಗದಲ್ಲಿದೆ ಅಪ್ಪಾ."

"ನನ್ನ ಬೆಸುಗೆ ಎಲ್ಲಾದ್ರೂ ಸೋರಿದೆಯಾ, ತೋರಿಸು. ಇಷ್ಟು ದೊಡ್ಡ ಟಾಂಕಿಗೆ ನೀನು ನಾಕು ಲೀಟರ್ ಹಾಕಿದ್ರೆ ಅದೇನು ಮಾಡುತ್ತೆ? ಪೂರ್ತಿ ತುಂಬಿಸು."

"ತುಂಬಿಸಿದ್ರೆ ಮೂವತ್ತು ಕೆಜಿ ಸುಮ್ಮನೆ ಹೊತ್ಕೊಂಡು ಓಡಬೇಕು. ಮುಂದಿನ ಭಾನುವಾರ ಈ ವರ್ಷದ ಕೊನೆ ರೇಸು. ನಾನು ಅಂಗಡಿದೇ ತರ್ತೀನಿ."

ಮೇಸ್ತ್ರಿ ಎರಡು ದಿನ ಊಟದ ತಟ್ಟೆಯೊಂದಿಗೆ ಮಾತ್ರ ಮಾತಾಡಿದರು. ಹೆಂಡತಿಗೆ ರೇಗಿತು. "ಅವಳು ಏನು ಹೇಳ್ತಾಳೆ ಅಂತ ಒಂದ್ಸಲ ಕೇಳ್ರೀ. ಕಿವಿಗೂ ಬೆಸುಗೆ ಹಾಕ್ಕೊಂಡಿದೀರಾ?"

ಮಗಳು ವಾದಕ್ಕಿಳಿಯಲಿಲ್ಲ. ಅಪ್ಪನನ್ನು ಸಾಮಾನು ಸಾಗಿಸುವ ವ್ಯಾನಿನಲ್ಲಿ ಪಕ್ಕಕ್ಕೆ ಕೂರಿಸಿ, ಅರ್ಧ ನೀರು ತುಂಬಿದ ಅಗಲ ಬಾಯಿಯ ಗಾಜಿನ ಜಾಡಿಯನ್ನು ಅವರ ತೊಡೆಯ ಮೇಲಿಟ್ಟಳು. "ಗಟ್ಟಿಯಾಗಿ ಹಿಡ್ಕೋ." ಖಾಲಿ ರಸ್ತೆಯಲ್ಲಿ ಗಾಡಿಯನ್ನು ಒಮ್ಮೆಲೇ ಮುನ್ನುಗ್ಗಿಸಿದಳು. ನೀರು ಹಿಂದಕ್ಕೇರಿ, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಎದೆಯಿಂದ ಹೊಟ್ಟೆಯವರೆಗೆ ಇಳಿಯಿತು.

ಮೇಸ್ತ್ರಿ ಅಂಗಿ ಒರೆಸಿಕೊಳ್ಳಲಿಲ್ಲ. "ಇನ್ನೊಂದ್ಸಲ ಓಡಿಸು" ಎಂದರು. ಈ ಸಲ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದಿದ್ದರು. ಮುಖವೂ ತೋಯಿತು. ಆದರೆ ನೋಡಬೇಕಾದದ್ದನ್ನು ನೋಡಿದ್ದರು. ಗಾಡಿ ಹೊರಟ ಕ್ಷಣ ಜಾಡಿಯ ಮುಂಬದಿಯ ತಳದಲ್ಲಿ ಹನಿ ನೀರಿರಲಿಲ್ಲ.

"ಪೈಪು ಗಾಳಿ ಕುಡೀತಿತ್ತು" ಎಂದರು ಮೆಲ್ಲಗೆ. ಆಮೇಲೆ, "ಇದನ್ನ ಮೊದಲೇ ಹೇಳೋಕೆ ಏನಾಗಿತ್ತೇ ನಿನಗೆ?"

"ಹೇಳಿದ್ದೆ. ನೀನು ಆಕಾಶ ನೋಡ್ತಿದ್ದೆ."

ಮೇಸ್ತ್ರಿ ಮುಖ ಒರೆಸಿಕೊಂಡರು. "ಎರಡು ದಿನ ಕೊಡು. ಸರಿ ಬರದಿದ್ರೆ ಅಂಗಡಿದೇ ತಾ. ನಾನೇ ಕೂರಿಸಿಕೊಡ್ತೀನಿ."

ಹೊಸ ಟಾಂಕಿ ಎಂಟೇ ಲೀಟರಿನದು, ಒಂದು ಚಮಚವೂ ಹೆಚ್ಚಿಲ್ಲ. ಹಗುರವಾದ ಅಲ್ಯೂಮಿನಿಯಂ ತಗಡು. ತಳ ಹಿಂದಕ್ಕೆ ಇಳಿಜಾರು. ಹಿಂದಿನ ತುದಿಯಲ್ಲಿ ಪೆಟ್ರೋಲ್ ಬಂದು ನಿಲ್ಲಲು ಅಂಗೈಯಗಲದ ಗುಂಡಿ. ಪೈಪು ಹೊರಡುವುದು ಅಲ್ಲಿಂದಲೇ. ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ಅಪ್ಪ ಮಗಳು ತಲೆಗೆ ತಲೆ ಕೊಟ್ಟು ಬಗ್ಗಿ ನೋಡಿದರು. ಏಳಲಿಲ್ಲ. ಕೆಳಗೆ ರಬ್ಬರ್ ಹಾಸಿ, ಮೇಲೆ ಎರಡು ಪಟ್ಟಿ ಎಳೆದು ಮೇಸ್ತ್ರಿ ಬೋಲ್ಟು ಬಿಗಿದರು. ಅವಳು ಸ್ಪ್ಯಾನರ್ ತೆಗೆದುಕೊಂಡು ಪ್ರತಿಯೊಂದನ್ನೂ ಮತ್ತೆ ಬಿಗಿದು ನೋಡಿದಳು.

"ನಂಬಿಕೆ ಇಲ್ವಾ?"

"ಇದೆ. ಆದ್ರೂ ನೋಡ್ತೀನಿ."

"ಹಾಗೇ ಮಾಡ್ಬೇಕು" ಎಂದರು ಮೇಸ್ತ್ರಿ, ಈ ಪಾಠ ತಾವೇ ಕಲಿಸಿದ್ದು ಎನ್ನುವ ಗತ್ತಿನಲ್ಲಿ.

ಭಾನುವಾರ ದೀಪ ಹಸಿರಾದಾಗ ಅವರು ಕಣ್ಣು ಮುಚ್ಚಿಕೊಂಡು ಬರೀ ಸದ್ದು ಕೇಳಿದರು. ಸದ್ದು ಅರ್ಧ ದಾರಿ ದಾಟಿತು. ಕೆಮ್ಮಲಿಲ್ಲ. ಕೊನೆಯವರೆಗೂ ಎಳೆ ಕಡಿಯಲಿಲ್ಲ.

"ಪಕ್ಕದ ಕಾರು ಒಂದು ಮೊಳ ಮುಂದಿತ್ತು ಕಣ್ರೀ" ಎಂದಳು ಹೆಂಡತಿ.

"ನಮ್ಮದು ನಿಲ್ಲಲಿಲ್ಲ ತಾನೆ?"

ಮಗಳು ಈ ಸಲ ಕಾರನ್ನು ಓಡಿಸಿಕೊಂಡೇ ಬಂದಳು. ಹೆಲ್ಮೆಟ್ ತೆಗೆದು, "ಕ್ಲಚ್ ಸರಿ ಮಾಡಿದ್ರೆ ಮುಂದಿನ ವರ್ಷ ಅವನನ್ನ ಹಿಡೀತೀನಿ. ಟಾಂಕಿ ಇದೇ ಇರಲಿ" ಎಂದಳು.

ಅಷ್ಟರಲ್ಲಿ ಗೆದ್ದವನೇ ಹತ್ತಿರ ಬಂದು ಡಿಕ್ಕಿಯೊಳಗೆ ಇಣುಕಿದ. "ನಂದಕ್ಕೂ ಇಂಥದ್ದೊಂದು ಮಾಡಿಕೊಡಿ ಮೇಸ್ತ್ರೀ. ಹತ್ತು ಲೀಟರ್ ಇರಲಿ."

ಮೇಸ್ತ್ರಿ ಕನ್ನಡಕವನ್ನು ಹಣೆಗೇರಿಸಿದರು. ಆಕಾಶ ನೋಡಲು ಕತ್ತೆತ್ತಿದವರು, ಮಗಳು ತಮ್ಮನ್ನೇ ನೋಡುತ್ತಿರುವುದು ಕಂಡು ಅರ್ಧಕ್ಕೇ ಇಳಿಸಿದರು.

"ಹತ್ತು ಯಾಕಪ್ಪಾ? ಓಡೋದು ನಾನೂರು ಮೀಟರ್. ಎಂಟು ಸಾಕು."