ಜಾಲರಿಗೆ ಮೆತ್ತಿದ ಕುಂಕುಮ

ನನ್ನ ತಮ್ಮ ಕೃಷ್ಣಸ್ವಾಮಿ ಕಬ್ಬಿಣದ ಜೊತೆ ಬಾಳಿದವನು. ಸರ್ಕಾರಿ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮಷಿನ್ ನಡೆಸುತ್ತಿದ್ದ. ಆಯುಧಪೂಜೆ ಬಂತೆಂದರೆ ಅದನ್ನು ಒರೆಸಿ, ಕುಂಕುಮ ಕಲಸಿ ಅಂಗೈಯಲ್ಲೇ ಬಳಿದು, ಮೊಳಗಟ್ಟಲೆ ಚೆಂಡುಹೂವು ಸುತ್ತುತ್ತಿದ್ದ. ಹೆಂಡತಿಗೂ ಅಷ್ಟು ಹೂವು ತಂದವನಲ್ಲ ಎಂದು ನಾವೆಲ್ಲ ನಗುತ್ತಿದ್ದೆವು. ಕೆಲಸದಲ್ಲಿ ಮೈಗಳ್ಳತನ ಮಾಡಿದವನಲ್ಲ, ಆದರೆ ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ನಿವೃತ್ತಿಯಾದ ಮೇಲೆ ಹಲಸೂರಿನ ಮನೆಯ ಮುಂದಿನ ಕೋಣೆಯಲ್ಲಿ ಪ್ರಿಂಟಿಂಗ್ ಅಂಗಡಿ ಹಾಕಿದ. ಮಂಚದಷ್ಟು ಉದ್ದದ ಇಂಕ್‌ಜೆಟ್ ಮಷಿನ್. ಬಟ್ಟೆಯ ಮೇಲೆ, ಕಾಗದದ ಮೇಲೆ ಶಾಯಿಯನ್ನು ಸಣ್ಣ ತುಂತುರಾಗಿ ಉದುರಿಸಿ ಚಿತ್ರ ಬಿಡಿಸುತ್ತದೆ. ಗಂಡ ಹೋದ ಮೇಲೆ ನಾನೂ ಆ ಮನೆಯಲ್ಲೇ ಇರುವವಳು. ಬಾಗಿಲ ಪಕ್ಕದ ಕುರ್ಚಿ ನನ್ನದು. ಮಷಿನ್ ನಡೆಸುವುದಕ್ಕೆ ಶಿವಾಜಿನಗರದಿಂದ ಫಾಯಿಜಾ ಎಂಬ ಹುಡುಗಿ ಬರುತ್ತಾಳೆ. ನನ್ನ ಗಂಡನ ಮಾಸಿದ ಫೋಟೋವನ್ನು ಅವಳು ದೊಡ್ಡದು ಮಾಡಿ ಕೊಟ್ಟಾಗ ಅವರ ಕಿವಿಯ ಕೆಳಗಿನ ಮಚ್ಚೆಯೂ ಎದ್ದು ಬಂದಿತ್ತು.

ಈ ಸಲದ ಆಯುಧಪೂಜೆಗೆ ಕೃಷ್ಣಸ್ವಾಮಿ ತಾನಾಗಿಯೇ ಅವಳಿಗೆ ರಜೆ ಕೊಟ್ಟ. "ಪೂಜೇಲಿ ನಿಂಗೇನಮ್ಮ ಕೆಲಸ, ಮನೇಲಿರು" ಎಂದ. ಆಮೇಲೆ ಲೇತಿಗೆ ಮಾಡಿದ ಹಾಗೆಯೇ ಇದಕ್ಕೂ ಮಾಡಿದ. ಮಷಿನ್ನಿನ ಬೆನ್ನಲ್ಲಿ ಜಾಲರಿ ಇರುವ ಕಡೆ ನೀರಾಗಿ ಕಲಸಿದ ಕುಂಕುಮ, ವಿಭೂತಿ ಬಳಿದ. ಮೇಲೊಂದು ದಪ್ಪ ಹಾರ. ಹಾರ ಇರುವಾಗಲೇ ಮಷಿನ್ ಹಾಕಿ ದೇವರ ಪಟ ಪ್ರಿಂಟ್ ತೆಗೆದು ಕಣ್ಣಿಗೊತ್ತಿಕೊಂಡ.

ಹಬ್ಬ ಕಳೆದ ಮೇಲೆ ಕಮ್ಮನಹಳ್ಳಿಯ ಒಂದು ಶಾಲೆಯಿಂದ ಕಾವೇರಿ ಎಂಬ ಟೀಚರ್ ಬಂದರು. ಮಕ್ಕಳ ಕಾರ್ಯಕ್ರಮಕ್ಕೆ ಬಟ್ಟೆಯ ಪರದೆಯ ಮೇಲೆ ಕಾಡಿನ ಚಿತ್ರ ಬೇಕಿತ್ತು. ಮೊದಲರ್ಧ ಚೆನ್ನಾಗಿಯೇ ಬಂತು. ಆಮೇಲೆ ಮರಗಳ ಮೇಲೆಲ್ಲ ಬಿಳಿ ಪಟ್ಟೆ. ಫಾಯಿಜಾ ಮಷಿನ್ ಆರಿಸಿದಳು.

"ಒಳಗೆ ತುಂಬ ಬಿಸಿ ಆಗ್ಬಿಟ್ಟೈತೆ ಸಾರ್. ತಣ್ಣಗಾಗ್ಲಿ."

ಮತ್ತೆ ಹಾಕಿದಳು. ಮತ್ತೆ ಪಟ್ಟೆ. ಮತ್ತೆ ಆರಿಸಿದಳು. ಟೀಚರ್ ನಗುತ್ತ, "ಕಾಡು ಕೇಳಿದ್ರೆ ಬರೀ ಜೀಬ್ರಾ ಕೊಡ್ತಿದೀರಲ್ಲ ಸಾರ್!" ಎಂದರು. ಆ ನಗು ಅವನಿಗೆ ಚುಚ್ಚಿತು.

"ನಾನೇನ್ ಮಾಡ್ಲಿ ಮೇಡಂ? ಪೂಜೆ ದಿನ ರಜೆ ಹಾಕ್ಕೊಂಡು ಮನೇಲಿ ಕೂತವಳ ಕೈಗೆ ಮಷಿನ್ ಒಲಿಯುತ್ತಾ?"

ಟೀಚರ್ ನಗು ಅಲ್ಲಿಗೇ ನಿಂತಿತು. ಫಾಯಿಜಾ ಅವನನ್ನೇ ನೋಡಿದಳು. "ರಜೆ ನೀವೇ ಕೊಟ್ರಿ ಸಾರ್."

"ಹೌದಲ್ವೇನೋ ಕಿಟ್ಟಾ, ನೀನೇ ಕೊಟ್ಟಿದ್ದು" ಎಂದೆ ನಾನು.

"ನೀನು ಸುಮ್ನಿರಕ್ಕ!"

ಹುಡುಗಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಬೆಳಿಗ್ಗೆ ಬರುತ್ತೇನೆಂದು ಟೀಚರೂ ಎದ್ದರು. ಅವರ ಮುಖ ನೋಡಲು ನನಗಾಗಲಿಲ್ಲ.

ಕೃಷ್ಣಸ್ವಾಮಿ ಗೊಣಗುತ್ತಲೇ ಮಷಿನ್ನಿನ ಹಿಂದಿನ ಮುಚ್ಚಳ ಬಿಚ್ಚಿದ. ಶಾಯಿ ಉದುರಿಸುವ ತಲೆಯನ್ನು ನಡೆಸುವ ಸರ್ಕ್ಯೂಟ್ ಬೋರ್ಡುಗಳು ಒಳಗೆ ಬಿಸಿಯೇರುತ್ತವಂತೆ. ಅವನ್ನು ತಂಪಾಗಿಡಲು ಒಂದು ಫ್ಯಾನು ಜಾಲರಿಯಿಂದ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಆ ಜಾಲರಿಯಲ್ಲಿ ಒಂದು ತೂತೂ ಕಾಣುತ್ತಿರಲಿಲ್ಲ. ಕುಂಕುಮ ಗಾರೆಯಂತೆ ಒಣಗಿತ್ತು. ಫ್ಯಾನಿನ ರೆಕ್ಕೆಗಳಿಗೆ ಚೆಂಡುಹೂವಿನ ಎಸಳು ಸುತ್ತಿಕೊಂಡಿದ್ದವು. ಅವನು ನೆಲದಲ್ಲೇ ಕುಳಿತುಬಿಟ್ಟ.

"ಲೇತಿಗೆ ಉಸಿರಾಡೋ ಹಂಗಿರ್ಲಿಲ್ಲ ಅಕ್ಕ. ಇದರ ಮೂಗು ನಾನೇ ಮುಚ್ಚಿದೀನಿ."

ಬ್ರಷ್ಷಿನಿಂದ ಉಜ್ಜಿ, ಒರೆಸಿ, ಮತ್ತೆ ಹಾಕಿದ. ಇಡೀ ಕಾಡು ಹಸಿರಾಗಿ ಇಳಿದು ಬಂತು. ಅವನು ಅದರ ಕಡೆ ತಿರುಗಲಿಲ್ಲ.

"ಅಕ್ಕ, ಫಾಯಿಜಾಗೆ ನೀನೊಂದು ಫೋನ್ ಮಾಡು."

"ಆಡಿದ ಬಾಯಿ ನಿಂದು. ನಾನ್ಯಾಕೆ ಮಾಡ್ಲಿ?"

"ಜೊತೆಗಾದ್ರೂ ಬಾರೇ."

ಆಟೋದಲ್ಲಿ ಶಿವಾಜಿನಗರಕ್ಕೆ ಹೋದೆವು. ಬಾಗಿಲು ತೆಗೆದ ಅವಳ ತಾಯಿ ಶಮೀಮ್ ಮುಖ ಅರಳಿತು. "ಬನ್ನಿ ಭಾಯ್‌ಸಾಬ್! ತಲೆನೋವು ಅಂತ ಬೇಗ ಬಂದ್ಲು. ಅಷ್ಟಕ್ಕೇ ನೋಡೋಕೆ ಬಂದ್ಬಿಟ್ರಾ? ಎಂಥ ಜನ ನೀವು!"

ಮಗಳು ತಾಯಿಗೆ ಏನೂ ಹೇಳಿರಲಿಲ್ಲ. ಟೀ ಕುಡಿದು ಒಳ್ಳೆಯವನಾಗಿಯೇ ಎದ್ದು ಬರಬಹುದಿತ್ತು ನನ್ನ ತಮ್ಮ. ಫಾಯಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವನು ಟೀ ಲೋಟ ಕೆಳಗಿಟ್ಟ.

"ತಲೆನೋವಲ್ಲಮ್ಮ" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದ. ಕುಂಕುಮದ್ದು, ಹೂವಿನದ್ದು, ಟೀಚರ್ ಎದುರು ಆಡಿದ ಮಾತು.

ಶಮೀಮ್ ಮಗಳ ಕಡೆ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ, "ಪೂಜೆಗೆ ಬರ್ಬೇಕು ಅಂತ ಹೊಸ ಬಟ್ಟೆ ಇಸ್ತ್ರಿ ಮಾಡಿಟ್ಟಿದ್ಲು, ಭಾಯ್‌ಸಾಬ್. ನೀವೇ ಬೇಡ ಅಂದ್ರಂತೆ" ಎಂದರು.

ನನಗೆ ಕುಳಿತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಫಾಯಿಜಾ ಒಂದೇ ಮಾತು ಕೇಳಿದಳು. "ಕಾವೇರಿ ಮೇಡಂ ಮುಂದೆ ಹೇಳ್ತೀರಾ?"

ಬೆಳಿಗ್ಗೆ ಅಂಗಡಿಯಲ್ಲಿ ಫಾಯಿಜಾ ಎದುರಿಗೇ ಹೇಳಿದ, ಮಷಿನ್ ಕೆಡಿಸಿದ್ದು ತಾನೇ ಎಂದು. ಟೀಚರ್ ಮುಜುಗರಪಟ್ಟು, "ಅಯ್ಯೋ, ಬಿಡಿ ಸಾರ್. ಇಷ್ಟಕ್ಕೆಲ್ಲ ಯಾಕೆ" ಎಂದು ಪರದೆಗೆ ಕೈಚಾಚಿದರು.

"ಇಷ್ಟೇ ಅಲ್ಲ ಮೇಡಂ" ಎಂದ. "ಅವಳು ಬರಬೇಕು ಅಂತಿದ್ಲು. ಬೇಡ ಅಂದೋನು ನಾನು. ಆಮೇಲೆ ಬರ್ಲಿಲ್ಲ ಅಂತ ಆಡಿಕೊಂಡೋನೂ ನಾನೇ."

ಟೀಚರ್ ಪರದೆ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಅವನು ತಲೆ ಎತ್ತಲಿಲ್ಲ. ನಾನೂ ಅವನ ಕಡೆ ನೋಡಲಿಲ್ಲ. ಕೊನೆಗೆ ಫಾಯಿಜಾಳೇ, "ಸಾರ್, ಮುಂದಿನ ಕೆಲಸ ಯಾವ್ದು?" ಎಂದು ಕೇಳಬೇಕಾಯಿತು.