ನೀರು ನೋಡಲು ಒಯ್ದ ನೀರು

ದಬದಬಿ, ಅಂದರೆ ಪುಸ್ತಕದವರ ಜಲಪಾತ, ನೋಡಲು ಮನೆಯಿಂದ ನೀರು ಹೊತ್ತುಕೊಂಡು ಹೋದವರು ಈ ಭೂಮಿಯ ಮೇಲೆ ನಾವಿಬ್ಬರೇ ಇರಬೇಕು: ನಾನು ಮತ್ತು ನನ್ನ ಅವ್ವ. ತಿರ್ಲಾಪುರದ ನಮ್ಮ ಬಾವಿಗಳೆಲ್ಲ ಸವಳು. ಕುಡಿಯಲು ಕೆರೆಯ ನೀರೊಂದೇ. ಆ ರುಚಿಗೆ ಒಗ್ಗಿದ ನಾಲಿಗೆ ಗಂಗೆಯನ್ನೂ ಸಂಶಯದಿಂದ ನೋಡುತ್ತದೆ.

ನಮ್ಮ ಎರೆಭೂಮಿ ರೊಟ್ಟಿ ತಟ್ಟಿದಷ್ಟು ಸಪಾಟು. ಅಲ್ಲಿ ನೀರು ಬೀಳುವುದು ಮೋಡದಿಂದ, ಇಲ್ಲವೇ ಕೈ ಜಾರಿದ ಕೊಡದಿಂದ. ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಎರಡನೆಯದು ನಮ್ಮ ಮನೆಯ ಪಾಲಿಗೇ ಬಂತು. ಅವ್ವ ಕೆರೆಯ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ನಾನು ದೊಡ್ಡ ಮನುಷ್ಯನ ಹಾಗೆ, ಇನ್ನು ಕೊಡ ಮುಟ್ಟಕೂಡದು ಎಂದು ಅಪ್ಪಣೆ ಹೊರಡಿಸಿದೆ. ನೀರು ತರುವ ಕೆಲಸ ನನ್ನ ಹೆಂಡತಿಗೆ ಹೋಯಿತು. ಅವ್ವನ ಮಾತೂ ಅದರ ಹಿಂದೆಯೇ ಹೋಯಿತು. ಅವಳ ಗೆಳತಿಯರು, ನಗೆ, ಊರ ಸುದ್ದಿ ಎಲ್ಲ ಆ ಕೆರೆಯ ದಾರಿಯಲ್ಲೇ ಇದ್ದವೆಂದು ನನಗೆ ಹೊಳೆಯಲೇ ಇಲ್ಲ. ಎರಡು ತಿಂಗಳು ಮನೆಮುಂದಿನ ಕಟ್ಟೆಯ ಮೇಲೆ ಸುಮ್ಮನೆ ಕೂತಳು. ರೊಟ್ಟಿ ಅರ್ಧಕ್ಕೇ ಬಿಡತೊಡಗಿದಳು. ನನಗೆ ಹೆದರಿಕೆಯಾಯಿತು.

ಗೆಳೆಯ ಶಿವಪ್ಪನ ಜೀಪು ಕಟ್ಟಿಗೆ ಖರೀದಿಗೆಂದು ಕಲಘಟಗಿ ದಾಟಿ ಯಲ್ಲಾಪುರದ ಘಟ್ಟದ ಕಡೆ ಹೊರಟಿತ್ತು. ರಸ್ತೆಯ ಬಾಜೂಕೇ ದಬದಬಿ ಇದೆ ಎಂದ. ಅವ್ವನನ್ನು ಹತ್ತಿಸಿದೆ. ಅವಳು ಕೆರೆನೀರು ತುಂಬಿ ಬಾಯಿಗೆ ಬಟ್ಟೆ ಕಟ್ಟಿದ ಸಣ್ಣ ಕೊಡವೊಂದನ್ನು ತೊಡೆಯ ಮೇಲೆ ಇರಿಸಿಕೊಂಡಳು.

“ನೀರ ನೋಡಾಕ ನೀರ ತಗೊಂಡು ಹೊಂಟೀಯೇನಬೇ?” ಎಂದು ಶಿವಪ್ಪ ನಕ್ಕ. ಅವ್ವ ನಗಲಿಲ್ಲ.

ಘಟ್ಟದಲ್ಲಿ ಇಳಿದಾಗ ಕಂಡದ್ದು ಬರೀ ಮಂಜು. ನೀರಿನ ಸದ್ದಷ್ಟೇ ಇತ್ತು. ಆಮೇಲೆ ಮಂಜು ಮೆಲ್ಲಗೆ ಸರಿದು, ಕಪ್ಪು ಬಂಡೆಯ ಮೇಲಿಂದ ಇಳಿಯುವ ಬೆಳ್ಳನೆಯ ನೀರು ಒಂದಿಷ್ಟು ಕಾಣಿಸಿ ಮತ್ತೆ ಮರೆಯಾಯಿತು. ನೋಡುತ್ತ ನಿಂತರೆ, ನೀರು ನಿಂತಲ್ಲೇ ನಿಂತು ನಾವೇ ಮೇಲಕ್ಕೆ ತೇಲಿ ಹೋಗುತ್ತಿದ್ದೇವೆ ಅನ್ನಿಸುತ್ತಿತ್ತು. ಎಷ್ಟು ಹೊತ್ತು ಹಾಗೆ ತೇಲಿದೆವೋ ಗೊತ್ತಿಲ್ಲ.

ಅವ್ವ ಚಪ್ಪಲಿಗಳನ್ನು ರಸ್ತೆಯಂಚಿನಲ್ಲೇ ಬಿಟ್ಟಳು. ಕುಡಿಯುವ ನೀರಿನ ಹತ್ತಿರ ಚಪ್ಪಲಿ ಮೆಟ್ಟಿ ಹೋಗುವ ರೂಢಿ ನಮ್ಮಲ್ಲಿಲ್ಲ. ನಾನು ಮಾತ್ರ ಹೊಸ ಬೂಟಿನ ಗತ್ತಿನಲ್ಲಿ ಹಿಂದೆ ಹೋದೆ.

“ನಮ್ಮ ನೀರೂ ಇದರಾಗ ಕೂಡ್ಲಿ,” ಎಂದು ಅವ್ವ ಕೊಡ ಬಗ್ಗಿಸಿದಳು. ಎರಡು ತಿಂಗಳಲ್ಲಿ ಅವಳಾಗಿಯೇ ಆಡಿದ ಮೊದಲ ಮಾತು ಅದು. ಖಾಲಿ ಕೊಡವನ್ನು ಬೀಳುವ ನೀರಿಗೆ ಒಡ್ಡಿ ತುಂಬಿಸಿ, ಸಲೀಸಾಗಿ ಸೊಂಟಕ್ಕೇರಿಸಿದಳು. ಹಿಡಿಯಲೆಂದು ನನ್ನ ಕೈ ಮುಂದೆ ಹೋಯಿತು. ಕೈಯ ಹಿಂದೆ ಕಾಲೂ ಹೋಯಿತು. ಪಾಚಿಯ ಮೇಲೆ ಬೂಟು ಜಾರಿ ಬಿದ್ದೆ, ಮೊಣಕೈ ತರಚಿತು. ಅವ್ವ ತುಂಬಿದ ಕೊಡದೊಂದಿಗೆ ಅಲುಗದೆ ನಿಂತು ನನ್ನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಿದ್ದದ್ದಕ್ಕೆ ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಊರಿಗೆ ಬಂದವಳೇ ಆ ನೀರನ್ನು ಓಣಿಯವರಿಗೆಲ್ಲ ತೀರ್ಥದ ಹಾಗೆ ಹಂಚಿದಳು. ತಾನು ಮಾತ್ರ ಒಂದು ಗುಟುಕು ಕುಡಿದು, ಸಪ್ಪಗಿದೆ ಎಂದು ತೀರ್ಪು ಕೊಟ್ಟಳು.

ಮರುದಿನ ಬೆಳಿಗ್ಗೆ ಆ ಸಣ್ಣ ಕೊಡವನ್ನು ತೊಳೆದು ಹೊಸ್ತಿಲ ಬಳಿ ನಾನೇ ಇಟ್ಟೆ. ಅಪ್ಪಣೆಯನ್ನು ಬಾಯಿಬಿಟ್ಟು ಹಿಂದಕ್ಕೆ ಪಡೆಯುವುದು ಹೊರಡಿಸಿದಷ್ಟು ಸುಲಭವಲ್ಲ. ಅವ್ವ ಕೊಡ ನೋಡಿದಳು, ನನ್ನ ಮೊಣಕೈಯ ಪಟ್ಟಿ ನೋಡಿದಳು. ಜೊತೆಗೆ ಹೋಗೋಣವೆಂದು ನಾನೂ ಎದ್ದೆ.

“ನೀ ಇಲ್ಲೇ ಕೂಡು. ಮೆಟ್ಟಲ ಮ್ಯಾಲೆ ಬಿದ್ದಗಿದ್ದಿ,” ಎಂದವಳೇ ಕೊಡವನ್ನೆತ್ತಿಕೊಂಡು ಕೆರೆಗೆ ಹೊರಟಳು.